ಮಡಿಯಲ್ಲ, ಮೀಸಲು: ಪವಿತ್ರತೆಯಲ್ಲಿ ಬೆಳೆಯಲು ಹತ್ತು ಸೂತ್ರಗಳು

ಮಂಗಳೂರಿನ ಬಲ್ಮಠದ ಹತ್ತಿರ ನಮ್ಮ ಮನೆ. ಅಜ್ಜಿ ದಿನಾ ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆಯುವಾಗ ಮೊದಲ ಹಿಡಿಯನ್ನು ಬೇರೊಂದು ಡಬ್ಬಿಗೆ ಹಾಕುತ್ತಿದ್ದರು. ಅದು ದೇವರ ಹಿಡಿ. ತಿಂಗಳ ಕೊನೆಗೆ ಚರ್ಚಿಗೆ ಹೋಗುತ್ತಿತ್ತು, ಅಲ್ಲಿಂದ ಯಾವುದೋ ಬಡವರ ಮನೆಯ ಒಲೆಗೆ. ಆ ಅಕ್ಕಿ ವಿಶೇಷದ್ದೇನೂ ಅಲ್ಲ, ಅದೇ ಗೋಣಿಯ ಅದೇ ಕುಚ್ಚಲಕ್ಕಿ. ಆದರೆ ಕಳಿಸುವ ಮುನ್ನ ಅಜ್ಜಿ ಅದನ್ನು ಗೆರಸೆಯಲ್ಲಿ ಹರಡಿ, ಕಿಟಕಿಯ ಬೆಳಕಿಗೆ ಹಿಡಿದು, ಕಲ್ಲು ನೆಲ್ಲು ಆರಿಸುತ್ತಿದ್ದರು. ನಮ್ಮ ಊಟದ ಅಕ್ಕಿಗೆ ಕೊಡುವುದಕ್ಕಿಂತ ಹೆಚ್ಚು ಹೊತ್ತು ಅದಕ್ಕೆ ಕೊಡುತ್ತಿದ್ದರು. ಕೇಳಿದರೆ, "ಮೀಸಲಿಟ್ಟದ್ದಲ್ವಾ ಮಗಾ, ಹಸನಾಗಿರಬೇಕು" ಎನ್ನುತ್ತಿದ್ದರು.

ಪವಿತ್ರೀಕರಣ ಎಂಬ ದೊಡ್ಡ ಮಾತಿನ ಅರ್ಥ ನನಗೆ ಹೊಳೆದದ್ದು ಆ ಗೆರಸೆಯ ಮುಂದೆ. ಮೊದಲು ಮೀಸಲು, ಆಮೇಲೆ ಹಸನು. ಹಸನಾಯಿತೆಂದು ಮೀಸಲಿಟ್ಟದ್ದಲ್ಲ, ಮೀಸಲಿಟ್ಟರೆಂದೇ ಹಸನು ಮಾಡಿದ್ದು.

ಈಗ ನಾನಿರುವುದು ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯಲ್ಲಿ. ಯಶಸ್ಸಿನ ಸೂತ್ರಗಳಿಗೆ ಈ ಸಿಲಿಕಾನ್ ಕಣಿವೆಯಲ್ಲಿ ಬರವಿಲ್ಲ. ಬಡ್ತಿಗೆ ಒಂದು ಸೂತ್ರ, ಹೂಡಿಕೆಗೆ ಒಂದು, ನಿದ್ದೆಗೂ ಒಂದು. ಆದರೆ ಭಾನುವಾರ ಸಂಜೆ ನಮ್ಮ ಮನೆಗಳಲ್ಲಿ ಸೇರುವ ಕನ್ನಡ ಪ್ರಾರ್ಥನಾ ಕೂಟದಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಬೇರೆ: "ನಂಬಿಕೆಗೆ ಬಂದು ಇಷ್ಟು ವರ್ಷವಾಯಿತು, ನಾನು ಯಾಕೆ ಇನ್ನೂ ಹೀಗೇ ಇದ್ದೇನೆ?" ಆ ಪ್ರಶ್ನೆ ಹೊತ್ತವರಿಗಾಗಿ ಈ ಹತ್ತು ಸೂತ್ರಗಳು.

1. ಮೊದಲು ನೀವು ಯಾರವರೆಂದು ತಿಳಿಯಿರಿ

ಒಳ್ಳೆಯವರಾದ ಮೇಲೆ ದೇವರು ನಮ್ಮನ್ನು ತನ್ನವರೆನ್ನುತ್ತಾನೆ ಎಂದುಕೊಂಡರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರ ತೆರೆದು ನೋಡಿ. ಆ ಸಭೆಯಲ್ಲಿ ಗುಂಪುಗಾರಿಕೆಯಿತ್ತು, ಅಣ್ಣತಮ್ಮಂದಿರ ನಡುವೆ ವ್ಯಾಜ್ಯವಿತ್ತು, ಪ್ರಭುಭೋಜನಕ್ಕೆ ಕೂತಲ್ಲೂ ಉಳ್ಳವರು ಇಲ್ಲದವರೆಂಬ ಭೇದವಿತ್ತು. ಬೈಯುವುದಕ್ಕೆ ಮುಂಚೆ ಪೌಲನು ಅವರನ್ನು ಕರೆಯುವುದು ಪವಿತ್ರರೆಂದೇ. ಆ ಪದಕ್ಕೆ ನಮ್ಮ ಕನ್ನಡ ಸತ್ಯವೇದದಲ್ಲಿ 'ದೇವಜನರು' ಎಂಬ ಮಾತಿದೆ. ಹೀಬ್ರೂ ಭಾಷೆಯ 'ಕಾದೋಶ್' ಪದದ ಒಳಗೂ ಇದೇ ಭಾವ: ಬೇರೆ ತೆಗೆದಿಟ್ಟದ್ದು, ದೇವರ ಪಾಲಿನದು.

ನಮ್ಮ ಸಭಾಪಾಲಕರು ದೃಢೀಕರಣದ ತರಗತಿಯಲ್ಲಿ ಎರಡು ಮಾತುಗಳನ್ನು ಬಿಡಿಸಿ ಹೇಳುತ್ತಿದ್ದರು. ನೀತೀಕರಣ ಎಂದರೆ ಕ್ರಿಸ್ತನ ನಿಮಿತ್ತ ದೇವರು ನಮ್ಮನ್ನು ನೀತಿವಂತರೆಂದು ಎಣಿಸುವುದು. ಅದು ಒಂದೇ ಸಲ ಆಗುವ ತೀರ್ಪು. ಪವಿತ್ರೀಕರಣ ಎಂದರೆ ಆ ತೀರ್ಪು ಪಡೆದವರ ನಡೆ, ನುಡಿ, ಆಸೆಗಳು ಮೆಲ್ಲಮೆಲ್ಲನೆ ಕ್ರಿಸ್ತನ ಸ್ವರೂಪಕ್ಕೆ ಬರುವುದು. ಅದು ಬದುಕಿಡೀ ನಡೆಯುವ ಕೆಲಸ. ಮೊದಲನೆಯದನ್ನು ಸಂಪಾದಿಸಲು ಎರಡನೆಯದನ್ನು ಮಾಡಹೊರಟವರು ದಣಿಯುತ್ತಾರೆ. ಮೊದಲನೆಯದು ಸಿಕ್ಕಿದೆಯೆಂಬ ನೆಮ್ಮದಿಯಲ್ಲಿ ಎರಡನೆಯದಕ್ಕೆ ಕೈಹಾಕಿದವರು ಬೆಳೆಯುತ್ತಾರೆ.

ಇಂದೇ ಮಾಡಿ: ಹಾಸಿಗೆಯಿಂದ ಏಳುವ ಮೊದಲು "ಕರ್ತನೇ, ನಾನು ನಿನ್ನ ಪಾಲು" ಎಂದು ಹೇಳಿ. ಆಮೇಲೆ ಕಾಲು ನೆಲಕ್ಕಿಡಿ.

2. ಮಡಿಯನ್ನು ಪವಿತ್ರತೆ ಎಂದುಕೊಳ್ಳಬೇಡಿ

ಮಡಿ ಮುಟ್ಟಿದರೆ ಕೆಡುತ್ತದೆ. ಅದನ್ನು ಕಾಪಾಡಲು ದೂರ ನಿಲ್ಲಬೇಕು. ನಾವು ಕ್ರೈಸ್ತರೂ ನಮ್ಮದೇ ಮಡಿಗಳನ್ನು ಕಟ್ಟಿಕೊಂಡಿದ್ದೇವೆ. ಇಂಥವರ ಜೊತೆ ಕೂರಬಾರದು, ಇಂಥವರ ಮನೆಗೆ ಹೋಗಬಾರದು, ಕುಡಿಯುವ ಸಹೋದ್ಯೋಗಿಯ ಪಕ್ಕ ನಿಂತರೆ ಸಾಕ್ಷಿ ಕೆಟ್ಟೀತು. ಮಾರ್ಕನ ಸುವಾರ್ತೆಯ 1ನೇ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟುತ್ತಾನೆ. ಮಡಿಯ ಲೆಕ್ಕದಲ್ಲಿ ಯೇಸುವಿಗೆ ಮೈಲಿಗೆ ತಟ್ಟಬೇಕಿತ್ತು. ಆದದ್ದು ತಿರುಗಾ ಮುರುಗಾ: ರೋಗಿ ಶುದ್ಧನಾದ. ಕ್ರಿಸ್ತನ ಪವಿತ್ರತೆ ಒಳಗೆ ಮುದುಡುವುದಲ್ಲ, ಹೊರಗೆ ಹರಿಯುವುದು.

ನಾನಿರುವ ಊರಿಗೂ ಬೆಂಗಳೂರಿಗೂ ಈ ವಿಷಯದಲ್ಲಿ ಒಂದು ನಂಟಿದೆ. ವಿಲಿಯಂ ಟೇಲರ್ ಎಂಬ ಮೆಥಡಿಸ್ಟ್ ಬೋಧಕರು ಚಿನ್ನದ ಹುಚ್ಚು ಹಿಡಿದಿದ್ದ 1849ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಅವರು ಹೃದಯದ ಪವಿತ್ರತೆಯನ್ನು ಬಲವಾಗಿ ಸಾರುತ್ತಿದ್ದವರು. ಸಾರಿದ್ದು ಎಲ್ಲಿ? ಜೂಜುಕಟ್ಟೆಗಳು ಸುತ್ತುವರಿದ ಪೋರ್ಟ್ಸ್‌ಮತ್ ಚೌಕದ ಬಯಲಲ್ಲಿ. ಬಿಡುವಿದ್ದಾಗ ಆಸ್ಪತ್ರೆಗೆ ಹೋಗಿ, ಯಾರೂ ಇಲ್ಲದೆ ಸಾಯುತ್ತಿದ್ದವರ ಬಳಿ ಕೂರುತ್ತಿದ್ದರು. 1870ರಲ್ಲಿ ಅವರು ಭಾರತಕ್ಕೆ ಬಂದರು. ಬೆಂಗಳೂರಿನ ಮೆಥಡಿಸ್ಟ್ ಸಭೆಗಳ ಆರಂಭ ಅವರ ಆ ದಶಕದ ಸಂಚಾರಕ್ಕೆ ಸೇರಿದ್ದು. 1902ರಲ್ಲಿ ಅವರು ತೀರಿಕೊಂಡದ್ದು ಪಾಲೊ ಆಲ್ಟೊದಲ್ಲಿ, ನಮ್ಮ ಊರಿನಿಂದ ಕ್ಯಾಲ್‌ಟ್ರೇನ್ ರೈಲು ಹತ್ತಿದರೆ ಎರಡನೆಯ ನಿಲ್ದಾಣ. ಮೀಸಲಾದ ಮನುಷ್ಯ ಬೀದಿಗೆ ಹೆದರಲಿಲ್ಲ.

ಇಂದೇ ಮಾಡಿ: ನೀವು ದೂರ ಇಟ್ಟಿರುವ ಒಬ್ಬರನ್ನು ಈ ವಾರ ಚಹಾಕ್ಕೆ ಕರೆಯಿರಿ.

3. ಎಲೆ ಚಾಚಿ ನಿಲ್ಲಿ

"ಎಲ್ಲ ದೇವರೇ ಮಾಡಲಿ" ಎಂದು ಕೂತವರಿದ್ದಾರೆ, "ಎಲ್ಲ ನಾನೇ ಮಾಡುತ್ತೇನೆ" ಎಂದು ಹಲ್ಲುಕಚ್ಚಿದವರೂ ಇದ್ದಾರೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ: ನೀವು ದುಡಿಯಿರಿ, ಏಕೆಂದರೆ ನಿಮ್ಮೊಳಗೆ ದುಡಿಯುತ್ತಿರುವುದು ದೇವರು.

ಇದು ಹೇಗೆಂದು ನನಗೆ ತೋರಿಸಿಕೊಟ್ಟದ್ದು ಇಲ್ಲಿನ ಮರ. ಊರಿನ ಪಶ್ಚಿಮಕ್ಕೆ ವುಡ್‌ಸೈಡ್ ಬೆಟ್ಟಗಳಲ್ಲಿ ರೆಡ್‌ವುಡ್ ಕಾಡಿದೆ. ಬೇಸಿಗೆಯ ತಿಂಗಳುಗಳಲ್ಲಿ ಈ ಕಡೆ ಮಳೆ ಇಲ್ಲವೆಂದೇ ಹೇಳಬೇಕು. ಆದರೂ ಮರ ಹಸಿರಾಗಿರುತ್ತದೆ. ಪೆಸಿಫಿಕ್ ಕಡಲಿನಿಂದ ಏರಿ ಬರುವ ಮಂಜನ್ನು ಅದರ ಸಣ್ಣ ಎಲೆಗಳು ಬಾಚಿ ಹಿಡಿದು, ಹನಿ ಮಾಡಿ, ಬುಡಕ್ಕೆ ಇಳಿಸುತ್ತವೆ. ಉತ್ತರ ಕ್ಯಾಲಿಫೋರ್ನಿಯಾದ ಒಂದು ರೆಡ್‌ವುಡ್ ಕಾಡಿನಲ್ಲಿ ಅಳೆದಾಗ ವರ್ಷದ ನೀರಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಂಜಿನಿಂದಲೇ ಬಂದಿತ್ತು. ಒಂದು ಜುಲೈ ಬೆಳಿಗ್ಗೆ ಆ ಮರಗಳ ಕೆಳಗೆ ನಿಂತಿದ್ದೆ. ಆಕಾಶದಿಂದ ಏನೂ ಬೀಳುತ್ತಿರಲಿಲ್ಲ, ಮರದ ಕೆಳಗೆ ಮಾತ್ರ ನನ್ನ ಹೆಗಲು ನೆನೆಯುತ್ತಿತ್ತು.

ಮಂಜನ್ನು ತರಿಸುವ ಶಕ್ತಿ ಮರಕ್ಕಿಲ್ಲ. ಬಂದಾಗ ಎಲೆ ಚಾಚಿ ನಿಂತಿರುವುದಷ್ಟೇ ಅದರ ಪಾಲು. ವಾಕ್ಯಪಠಣ, ಪ್ರಾರ್ಥನೆ, ಉಪವಾಸ, ಪ್ರಭುಭೋಜನ, ಸಹವಾಸ ಇವು ನಮ್ಮ ಎಲೆಗಳು. ಕೃಪೆ ದೇವರದು.

4. ದಿನಕ್ಕೊಂದು ಹೊತ್ತು ಕಟ್ಟಿಡಿ, ತಾಯ್ನುಡಿಯಲ್ಲಿ ಓದಿ

ಫೋನ್ ಮುಟ್ಟುವ ಮೊದಲು ಹದಿನೈದು ನಿಮಿಷ. ಕೀರ್ತನೆ ಒಂದು, ಸುವಾರ್ತೆಯ ಒಂದು ಸಣ್ಣ ಭಾಗ, ಮೌನ ಎರಡು ನಿಮಿಷ, ಪ್ರಾರ್ಥನೆ. ಇಷ್ಟೇ ಸಾಕು, ಆದರೆ ದಿನಾ ಬೇಕು.

ಓದುವುದು ಕನ್ನಡದಲ್ಲಿರಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ವರ್ಷಗಟ್ಟಲೆ ದುಡಿದು 1831ರಲ್ಲಿ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದದ್ದು ಅದು ನಮ್ಮ ಎದೆಗೆ ಇಳಿಯಲೆಂದು. ಇಂಗ್ಲಿಷಿನಲ್ಲಿ ಓದಿದ್ದು ನನ್ನ ತಲೆಯಲ್ಲಿ ಕೂರುತ್ತದೆ. ಕನ್ನಡದಲ್ಲಿ ಓದಿದ್ದು ಮಧ್ಯಾಹ್ನ ಸಿಟ್ಟು ಬಂದಾಗ ನಾಲಿಗೆಯನ್ನು ತಡೆಯುತ್ತದೆ.

ಇಂದೇ ಮಾಡಿ: ಸತ್ಯವೇದವನ್ನು ದಿಂಬಿನ ಪಕ್ಕ ಇಡಿ, ಚಾರ್ಜರನ್ನು ಇನ್ನೊಂದು ಕೋಣೆಗೆ ಸಾಗಿಸಿ.

5. ಕಿತ್ತ ಜಾಗದಲ್ಲಿ ಇನ್ನೊಂದನ್ನು ನೆಡಿ

ಕೆಟ್ಟದ್ದನ್ನು ಬಿಡುವುದು ಅರ್ಧ ಕೆಲಸ. ಖಾಲಿ ಬಿಟ್ಟ ಪಾತಿಯಲ್ಲಿ ಕಳೆ ಮತ್ತೆ ಬರುತ್ತದೆ. ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಕಳ್ಳನಿಗೆ ಹೇಳಿದ ಬುದ್ಧಿಮಾತು ನೋಡಿ. ಕದಿಯಬೇಡ ಎನ್ನುವಲ್ಲಿಗೆ ಅದು ಮುಗಿಯುವುದಿಲ್ಲ. ಕೈಯಾರೆ ದುಡಿ, ದುಡಿದದ್ದರಲ್ಲಿ ಇಲ್ಲದವನಿಗೆ ಕೊಡು ಎನ್ನುವವರೆಗೂ ಹೋಗುತ್ತದೆ. ಕಸಿಯುತ್ತಿದ್ದ ಕೈ ಕೊಡುವ ಕೈಯಾದಾಗಲೇ ಕಳ್ಳತನ ನಿಜವಾಗಿ ಬಿಟ್ಟಂತೆ.

ಚಾಡಿ ಬಿಡಬೇಕೆ? ಯಾರ ಚಾಡಿ ಹೇಳುತ್ತಿದ್ದಿರೋ ಅವರ ಒಂದು ಒಳ್ಳೆಯ ಗುಣವನ್ನು ಮೂವರಿಗೆ ಹೇಳಿ. ಹೊಟ್ಟೆಕಿಚ್ಚೆ? ಆ ವ್ಯಕ್ತಿಯ ಏಳಿಗೆಗೆ ದಿನಾ ಹೆಸರು ಹಿಡಿದು ಪ್ರಾರ್ಥಿಸಿ. ರಾತ್ರಿ ಪರದೆಯ ಮುಂದೆ ಕೆಡುವ ಅಭ್ಯಾಸವೆ? ಆ ಹೊತ್ತಿಗೆ ಊರಿನ ತಂದೆತಾಯಿಗೆ ಫೋನ್ ಮಾಡಿ. ಅಲ್ಲಿ ಆಗ ಬೆಳಗಾಗಿರುತ್ತದೆ.

6. ಪಾಪವನ್ನು ಹೆಸರಿಟ್ಟು ಒಪ್ಪಿಕೊಳ್ಳಿ

"ನಾವೆಲ್ಲ ಪಾಪಿಗಳು" ಎಂಬ ಮಾತಿನ ಹಿಂದೆ ಅಡಗಿಕೊಳ್ಳುವುದು ಸುಲಭ. ನಾನೂ ಅಡಗಿದ್ದೆ. ಕೆಲವು ವರ್ಷಗಳ ಹಿಂದೆ ಕೆಲಸದಲ್ಲಿ ಒಂದು ತಪ್ಪು ಆಯಿತು. ಪರೀಕ್ಷಿಸದೆ ಬಿಟ್ಟವಳು ನಾನು. ಕಚೇರಿಯ ಸಭೆಯಲ್ಲಿ ಪ್ರಶ್ನೆ ಬಂದಾಗ ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ. ಎಲ್ಲರ ಕಣ್ಣು ಗುತ್ತಿಗೆಯ ಮೇಲೆ ಬಂದಿದ್ದ ಒಬ್ಬ ಹುಡುಗನ ಕಡೆ ತಿರುಗಿತು. ಅವನು ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದ. ಆ ಭಾನುವಾರ ಪ್ರಾರ್ಥನೆಯಲ್ಲಿ ಎಂದಿನಂತೆ "ನಮ್ಮ ಪಾಪಗಳನ್ನು ಕ್ಷಮಿಸು" ಎಂದೆ. ಆ ಮಾತು ಗಂಟಲಿನಿಂದ ಆಚೆ ಬರಲು ಕಷ್ಟಪಟ್ಟಿತು.

ಸೋಮವಾರ ಮೇಲಿನವರಿಗೆ ನಡೆದದ್ದನ್ನು ನಡೆದ ಹಾಗೆ ಬರೆದೆ. ಆಮೇಲೆ ಆ ಹುಡುಗನ ಮೇಜಿನ ಬಳಿ ಹೋಗಿ, "ಅದು ನನ್ನ ತಪ್ಪು, ನಿನ್ನ ಮೇಲೆ ಬರಲು ಬಿಟ್ಟೆ, ಕ್ಷಮಿಸು" ಎಂದೆ. ಎರಡು ನಿಮಿಷದ ಕೆಲಸ. ಎರಡು ವರ್ಷದ ಧ್ಯಾನ ಮಾಡದ ಬದಲಾವಣೆಯನ್ನು ಅದು ನನ್ನಲ್ಲಿ ಮಾಡಿತು. ಅಂದಿನಿಂದ ಸಭೆಗಳಲ್ಲಿ ಸುಮ್ಮನಿರುವುದಕ್ಕೂ ಲೆಕ್ಕ ಕೊಡಬೇಕೆಂಬ ಎಚ್ಚರ ಬಂದಿದೆ.

ಇಂದೇ ಮಾಡಿ: ಮಲಗುವ ಮುನ್ನ ಇಡೀ ದಿನವನ್ನು ಒಮ್ಮೆ ಹಿಂದಿರುಗಿ ನೋಡಿ. ಒಂದು ತಪ್ಪನ್ನು ಅದರ ನಿಜವಾದ ಹೆಸರಿನಿಂದ ದೇವರಿಗೆ ಹೇಳಿ. ಇನ್ನೊಬ್ಬರಿಗೆ ನೋವಾಗಿದ್ದರೆ ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ.

7. ಗುಂಪಿನಲ್ಲಿ ಬೇರು ಬಿಡಿ

ಮುನ್ನೂರು ಅಡಿ ಮೀರಿ ಬೆಳೆಯಬಲ್ಲ ರೆಡ್‌ವುಡ್ ಮರಕ್ಕೆ ಆಳವಾದ ತಾಯಿಬೇರಿಲ್ಲ. ಬೇರು ಹೆಚ್ಚೆಂದರೆ ಹತ್ತು ಹನ್ನೆರಡು ಅಡಿ ಇಳಿಯುತ್ತದೆ. ಆದರೆ ಅಗಲಕ್ಕೆ ನೂರು ಅಡಿಯವರೆಗೂ ಹರಡಿ ಪಕ್ಕದ ಮರಗಳ ಬೇರುಗಳೊಂದಿಗೆ ಹೆಣೆದುಕೊಳ್ಳುತ್ತದೆ. ಬಿರುಗಾಳಿಗೆ ನಿಲ್ಲುವ ಬಲ ಆ ಹೆಣಿಗೆಯಲ್ಲಿದೆ.

ಹೀಗೆ ಹೆಣೆದುಕೊಂಡು ನಿಲ್ಲುವುದರ ಬೆಲೆ ಮೆಥಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿಗೆ ಗೊತ್ತಿತ್ತು. 1742ರಲ್ಲಿ ಬ್ರಿಸ್ಟಲ್ ಸಭಾಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೊಂದು ಪೆನ್ನಿ ಕೂಡಿಸುವ ಏರ್ಪಾಡು ಆಯಿತು. ಕಾಸು ಕೇಳಲು ಮನೆಗೆ ಹೋದ ಮುಖಂಡರಿಗೆ ಅಲ್ಲಿನ ಕುಡಿತ, ಜಗಳ, ಕಣ್ಣೀರು ಕಂಡಿತು. ಕಾಸಿನ ಗುಂಪು ಆತ್ಮದ ಆರೈಕೆಯ ಗುಂಪಾಯಿತು. ಮೈಸೂರು ಸೀಮೆಗೆ ವೆಸ್ಲಿಯನ್ ಮಿಷನ್ ಬಂದದ್ದು ಈ ಪರಂಪರೆಯನ್ನು ಹೊತ್ತುಕೊಂಡೇ.

ನಮ್ಮ ಕನ್ನಡ ಕೂಟದಲ್ಲೂ ಮೊದಲೆಲ್ಲ ಹಾಡು, ಸಂದೇಶ, ಆಮೇಲೆ ಚಿತ್ರಾನ್ನ ಇಷ್ಟೇ ಇತ್ತು. ಈಗ ಊಟಕ್ಕೆ ಮುಂಚೆ ನಾಲ್ಕು ನಾಲ್ಕು ಜನ ಬೇರೆ ಕೂತು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇವೆ: ಈ ವಾರ ಎಲ್ಲಿ ಸೋತಿರಿ, ಎಲ್ಲಿ ಕೃಪೆ ಕಂಡಿರಿ? ಕೇಳಿದ್ದು ಆ ಕೋಣೆಯಿಂದ ಆಚೆ ಹೋಗುವುದಿಲ್ಲ. ಮೊದಲ ಮೂರು ವಾರ ಯಾರೂ ಬಾಯಿ ಬಿಡಲಿಲ್ಲ. ನಾಲ್ಕನೆಯ ವಾರ ಒಬ್ಬ ಅಂಕಲ್ ಮಗನೊಂದಿಗೆ ಎರಡು ವರ್ಷದಿಂದ ಮಾತಿಲ್ಲವೆಂದು ಹೇಳಿ ಅತ್ತರು. ಅಂದು ನಮ್ಮ ಕೂಟ ನಿಜವಾಗಿ ಸಭೆಯಾಯಿತು.

8. ಕೈಚೀಲವನ್ನೂ ಮೀಸಲಿಡಿ

ಯಾಜಕಕಾಂಡದ 19ನೇ ಅಧ್ಯಾಯ ಪವಿತ್ರರಾಗಿರಿ ಎಂಬ ಕರೆಯಿಂದ ಆರಂಭವಾಗುತ್ತದೆ. ಆಮೇಲೆ ಬರುವುದೇನು? ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡಿ. ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡಿ. ತಕ್ಕಡಿ ಸರಿಯಿರಲಿ. ಪರದೇಶಿಯನ್ನು ನಿಮ್ಮವನಂತೆ ಪ್ರೀತಿಸಿ. ಪವಿತ್ರತೆಗೆ ದುಡ್ಡಿನ ಲೆಕ್ಕಪುಸ್ತಕವೂ ಇದೆ.

ನಮ್ಮ ಊರಿನ ಮಿಡಲ್‌ಫೀಲ್ಡ್ ರಸ್ತೆಯ ಉದ್ದಕ್ಕೂ ಮೆಕ್ಸಿಕನ್ ಅಂಗಡಿಗಳಿವೆ. ಅಲ್ಲಿನ ಕುಟುಂಬಗಳಲ್ಲಿ ಎಷ್ಟೋ ಮೆಕ್ಸಿಕೋದ ಮಿಚೊಆಕಾನ್ ರಾಜ್ಯದ ಅಗಿಲಿಯ ಎಂಬ ಒಂದೇ ಪ್ರದೇಶದಿಂದ ಬಂದವು. ಮನೆ ಒರೆಸಲು, ತೋಟದ ಹುಲ್ಲು ಕತ್ತರಿಸಲು, ಮಗು ನೋಡಿಕೊಳ್ಳಲು ನಮ್ಮ ಮನೆಗಳಿಗೆ ಬರುವವರು ಹೆಚ್ಚಾಗಿ ಇಂಥ ವಲಸೆ ಕುಟುಂಬಗಳವರು. ನಾವು ಒಂದು ತಿಂಗಳು ಊರಿಗೆ ಹೋದಾಗ ಅವರ ಆ ತಿಂಗಳ ಗಳಿಕೆ ಏನಾಗುತ್ತದೆ ಎಂದು ಕೇಳಿಕೊಂಡದ್ದುಂಟೆ? ಈಗ ನಮ್ಮ ಮನೆಯಲ್ಲಿ ರಜೆಯ ಟಿಕೆಟ್ ಲೆಕ್ಕದಲ್ಲೇ ಅವರ ಕೂಲಿಯೂ ಸೇರಿರುತ್ತದೆ.

ವೆಸ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ವರ್ಷದ ವರಮಾನ 30 ಪೌಂಡು; 28ರಲ್ಲಿ ಬದುಕಿ ಉಳಿದದ್ದನ್ನು ಕೊಟ್ಟರು. ವರಮಾನ 60 ಆಯಿತು, 90 ಆಯಿತು, 120 ಆಯಿತು. ಖರ್ಚು 28ರಲ್ಲೇ ನಿಂತಿತು. ಸಂಬಳದ ಜೊತೆ ಷೇರೂ ಕೈಸೇರುವ ಈ ಕಣಿವೆಯಲ್ಲಿ ಇದಕ್ಕಿಂತ ದೊಡ್ಡ ಯಶಸ್ಸಿನ ಸೂತ್ರ ನನಗೆ ಕಂಡಿಲ್ಲ.

ಇಂದೇ ಮಾಡಿ: ಮುಂದಿನ ಸಂಬಳ ಏರಿಕೆಯಲ್ಲಿ ಎಷ್ಟು ಮೀಸಲು ಎಂಬುದನ್ನು ಏರಿಕೆ ಬರುವ ಮೊದಲೇ ಬರೆದಿಡಿ.

9. ಮಾಡುವ ಕೆಲಸವನ್ನೇ ಬಲಿಪೀಠ ಮಾಡಿ

ಹದಿನೇಳನೇ ಶತಮಾನದ ಪ್ಯಾರಿಸ್‌ನಲ್ಲಿ ಬ್ರದರ್ ಲಾರೆನ್ಸ್ ಎಂಬ ಕಾರ್ಮೆಲೈಟ್ ಸಹೋದರರು ಮಠದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದರು. ಪಾತ್ರೆ ಸದ್ದು, ಕೂಗಾಟದ ನಡುವೆಯೂ ಪ್ರಾರ್ಥನೆಯ ಹೊತ್ತಿನಷ್ಟೇ ದೇವರ ಹತ್ತಿರ ಇರಲು ಕಲಿತರು. ಅಡುಗೆಗೆ ಕೈ, ದೇವರಿಗೆ ಮನಸ್ಸು.

ನಮ್ಮ ನಾಡಿನಲ್ಲಿ ಕಿಟ್ಟೆಲ್ ಇದ್ದಾರೆ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಆ ಮನುಷ್ಯ, ಹಳ್ಳಿಯವರ ಬಾಯಿಂದಲೂ ಹಳೆಯ ಓಲೆಗರಿಗಳಿಂದಲೂ ಒಂದೊಂದೇ ಪದ ಆರಿಸಿ ಕನ್ನಡ ನಿಘಂಟು ಕಟ್ಟಿದರು. ಅದು ಅಚ್ಚಾದದ್ದು 1894ರಲ್ಲಿ, ಸುಮಾರು 70,000 ಪದಗಳೊಂದಿಗೆ. ಅಜ್ಜಿಯ ಗೆರಸೆಯ ಹಾಗೆಯೇ ಅದೂ ಆರಿಸುವ ಕೆಲಸ. ಒಂದು ಕಾಳನ್ನೂ ಅಸಡ್ಡೆ ಮಾಡದ ತಾಳ್ಮೆ. ಭಾಷೆಯ ಸೇವೆಯಲ್ಲೂ ಮನುಷ್ಯ ಮಾಗಬಲ್ಲ.

ಕಂಪ್ಯೂಟರಿನ ಮುಂದೆ ಕೂರುವವರು, ಮಗುವಿಗೆ ಉಣಿಸುವವರು, ರಾತ್ರಿ ಪಾಳಿಯ ನರ್ಸ್: ನಿಮ್ಮ ಕೆಲಸ ಮುಗಿದ ಮೇಲೆ ಪವಿತ್ರತೆ ಆರಂಭವಾಗುವುದಲ್ಲ. ಹೊಸ ಕೆಲಸಕ್ಕೆ ಕೈಹಾಕುವ ಪ್ರತಿ ಸಲ "ಇದೂ ನಿನ್ನದೇ" ಎಂದು ಒಳಗೇ ಹೇಳಿಕೊಳ್ಳಿ.

10. ದಿನದಲ್ಲಿ ಅಳೆಯಬೇಡಿ, ವರ್ಷಗಳಲ್ಲಿ ಅಳೆಯಿರಿ

ನಮ್ಮ ಊರಿನ ಬ್ರಾಡ್‌ವೇ ಬೀದಿಯ ಕಮಾನಿನ ಮೇಲೆ ಹಳೆಯ ಘೋಷವಾಕ್ಯವಿದೆ. ಸರ್ಕಾರವೇ ಪರೀಕ್ಷಿಸಿದ ಅತ್ಯುತ್ತಮ ಹವಾಗುಣ ಇಲ್ಲಿನದು ಎಂದು ಅದರ ಸಾರ. ಅದರ ಕೆಳಗೆ ಛತ್ರಿ ಹಿಡಿದು ನಡುಗಿದ ದಿನಗಳೂ ನನಗಿವೆ. ಒಂದು ಸಂಜೆಯ ಮಳೆಯಿಂದ ಹವಾಗುಣ ಸುಳ್ಳಾಗುವುದಿಲ್ಲ. ಹಾಗೆಯೇ ಒಂದು ಸೋಲಿನಿಂದ ನಿಮ್ಮ ಬೆಳವಣಿಗೆ ಸುಳ್ಳಾಗುವುದಿಲ್ಲ. ನಿನ್ನೆಗಿಂತ ಇಂದು ಹೇಗೆ ಎಂದು ಕೇಳಬೇಡಿ. ಐದು ವರ್ಷದ ಹಿಂದೆ ಈ ಮಾತಿಗೆ ಎಷ್ಟು ದಿನ ಮುನಿಸಿರುತ್ತಿತ್ತು, ಈಗೆಷ್ಟು ಎಂದು ಕೇಳಿ. ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಆತ್ಮನ ಒಂಬತ್ತು ಗುಣಗಳಿಗೆ 'ಫಲ' ಎಂಬ ಹೆಸರಿದೆ. ಹಣ್ಣು ತನ್ನ ಕಾಲಕ್ಕೆ ಮಾಗುತ್ತದೆ.

ಈ ಬೆಳವಣಿಗೆ ಎಲ್ಲಿಗೆ ಮುಟ್ಟುತ್ತದೆ? ಈ ಬದುಕಿನಲ್ಲೇ ಪ್ರೀತಿಯಲ್ಲಿ ಪೂರ್ಣರಾಗಬಹುದು ಎಂದರು ವೆಸ್ಲಿ. ಪೂರ್ಣತೆ ಆ ಲೋಕಕ್ಕೆ ಸೇರಿದ್ದು, ಇಲ್ಲಿ ಕೊನೆಯುಸಿರಿನವರೆಗೂ ಹೋರಾಟ ಎನ್ನುತ್ತದೆ ಕ್ಯಾಲ್ವಿನರ ಪರಂಪರೆ. ಪವಿತ್ರತೆಯ ಕರೆ ಮಠದವರಿಗಷ್ಟೇ ಅಲ್ಲ, ಎಲ್ಲ ವಿಶ್ವಾಸಿಗಳಿಗೂ ಇದೆ ಎಂದು 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸಾರಿತು. ನಿಂತಲ್ಲೇ ನಿಲ್ಲಬಹುದು ಎಂದು ಮಾತ್ರ ಇವರಲ್ಲಿ ಯಾರೂ ಹೇಳಲಿಲ್ಲ.

ಬಿದ್ದವರಿಗೆ ಕೊನೆಯದಾಗಿ ಒಂದು ಮಾತು. 1850ರ ದಶಕದಲ್ಲಿ ವುಡ್‌ಸೈಡ್ ಬೆಟ್ಟಗಳ ಮರಗಳನ್ನು ಕಡಿದು ನಮ್ಮ ಊರಿನ ಹಳ್ಳದ ದಕ್ಕೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸಾಗಿಸಿದರು. ಊರಿಗೆ ಹೆಸರು ಬಂದದ್ದೇ ಆ ಮರದಿಂದ. ಇವತ್ತು ಅಲ್ಲಿನ ಹಡಾರ್ಟ್ ಪಾರ್ಕಿಗೆ ಹೋಗಿ ನೋಡಿ. ಕೊಡಲಿ ಬಿದ್ದ ದೊಡ್ಡ ಬೊಡ್ಡೆ ನಡುವೆ, ಅದರ ಸುತ್ತ ಉಂಗುರದಂತೆ ಎತ್ತರದ ಹೊಸ ಮರಗಳು. ರೆಡ್‌ವುಡ್ ಕಡಿದ ಬುಡದಿಂದಲೇ ಚಿಗುರುತ್ತದೆ, ಬೇರು ಸತ್ತಿರುವುದಿಲ್ಲ. ನೀವು ದೇವರ ಪಾಲಾಗಿದ್ದೀರಿ ಎಂಬುದು ನಿಮ್ಮ ಬೇರು. ಅದನ್ನು ನಿಮ್ಮ ಸೋಲು ಕಡಿದಿಲ್ಲ. ಏಳಿ, ಅಲ್ಲಿಂದಲೇ ಚಿಗುರಿ.

ಹತ್ತನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದನ್ನು ಆರಿಸಿ, ಒಂದು ತಿಂಗಳು ನಡೆಸಿ, ನಂಬಿಗಸ್ತರಾದ ಒಬ್ಬರಿಗೆ ಹೇಳಿಡಿ. ಎಲ್ಲಿಂದ ಎಂದು ತೋಚದಿದ್ದರೆ ಅಡುಗೆಮನೆಯಿಂದ ಶುರುಮಾಡಿ. ನಮ್ಮ ಅಡುಗೆಮನೆಯಲ್ಲೂ ಈಗ ಒಂದು ಡಬ್ಬಿ ಇದೆ. ಇಲ್ಲಿನ ಆಹಾರ ಬ್ಯಾಂಕಿನವರು ಬಿಡಿ ಅಕ್ಕಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ತಿಂಗಳ ಕೊನೆಗೆ ಡಬ್ಬಿಯ ಅಕ್ಕಿ ತೂಗಿ, ಅಷ್ಟೇ ತೂಕದ ಹೊಸ ಚೀಲ ಕೊಂಡು ಕೊಟ್ಟುಬರುತ್ತೇವೆ. ನಾಳೆ ಬೆಳಿಗ್ಗೆ ಅಕ್ಕಿ ಅಳೆಯುವಾಗ ಮೊದಲ ಹಿಡಿ ಬೇರೆ ತೆಗೆಯಿರಿ. ಆ ಹಿಡಿ ನೀವೇ ಎಂದು ನೆನೆಯಿರಿ. ನಿಮ್ಮನ್ನು ತನ್ನದೆಂದು ತೆಗೆದಿಟ್ಟವನು ಗೆರಸೆ ಹಿಡಿದು ಕೂತಿದ್ದಾನೆ. ಅವನಿಗೆ ಅವಸರವಿಲ್ಲ, ಆರಿಸುವುದನ್ನು ನಡುವೆ ಬಿಟ್ಟೇಳುವವನೂ ಅಲ್ಲ.